ರಜೆ ಯಾರಿಗೆ? ಅಂಗಡಿಗೋ, ಆಳಿಗೋ?

ಯುಗಾದಿಯ ಬೆಳಗು. ಎಣ್ಣೆನೀರಿನ ಗಡಿಬಿಡಿ ಮುಗಿದಿದೆ. ಬಾಗಿಲಿಗೆ ಮಾವಿನ ತೋರಣ ಏರಿದೆ. ಒಲೆಯ ಮೇಲೆ ಹೂರಣ ಸಿದ್ಧವಾಗುತ್ತಿದೆ. ಅಷ್ಟರಲ್ಲಿ ಮನೆಯಾಕೆಗೆ ಏಲಕ್ಕಿ ತರಿಸಲು ಮರೆತದ್ದು ನೆನಪಾಗುತ್ತದೆ. "ಮೂಲೆ ಅಂಗಡಿಗೆ ಓಡಿಹೋಗಿ ನೋಡಿ ಬಾರೋ ಮಗು, ಹಬ್ಬ ಅಂತ ಬಾಗಿಲು ಹಾಕಿದ್ದಾರೋ ಏನೋ" ಎಂದು ಮಗನನ್ನು ಅಟ್ಟುತ್ತಾಳೆ. ಅಂಗಡಿ ತೆರೆದೇ ಇರುತ್ತದೆ. ಏಲಕ್ಕಿ ಬರುತ್ತದೆ, ಹೂರಣಕ್ಕೆ ಘಮ ಏರುತ್ತದೆ, ಹಬ್ಬ ಹಬ್ಬವಾಗುತ್ತದೆ. ಆ ಏಲಕ್ಕಿಯನ್ನು ತೂಗಿ ಪೊಟ್ಟಣ ಕಟ್ಟಿಕೊಟ್ಟ ಇನ್ನೊಬ್ಬ ಹುಡುಗ ತನ್ನ ಮನೆಯಲ್ಲಿ ಎಷ್ಟು ಹೊತ್ತಿಗೆ ಎಲೆಯ ಮುಂದೆ ಕುಳಿತನೆಂದು ಮಾತ್ರ ಯಾರೂ ಕೇಳುವುದಿಲ್ಲ.

ಇದೇ ಮನೆಯವರು ಇನ್ನೊಂದು ರಜೆಯ ದಿನ ಜವಳಿ ಅಂಗಡಿಗೆ ಹೋಗಿ, ಬಾಗಿಲಿಗೆ ಬೀಗ ಕಂಡು ಮರಳುವುದೂ ಉಂಟು. ಆಗ ಹೊರಡುವ ಮಾತೇ ಬೇರೆ. "ನಮಗೆ ಬಿಡುವಾಗೋದೇ ರಜಾ ದಿನ. ಅವತ್ತೇ ಮುಚ್ಚಿಬಿಟ್ಟರೆ ಕೊಳ್ಳೋದು ಯಾವಾಗ?" ಎಂದು ಯಜಮಾನರು ಗೊಣಗುತ್ತಾರೆ. ಮನೆಯ ಹಿರಿಯರು, "ಸರ್ಕಾರದ ರಜೆ ಕಣಪ್ಪಾ, ತೆರೆದರೆ ದಂಡ ಹಾಕ್ತಾರೆ" ಎಂದು ಸಮಾಧಾನ ಹೇಳುತ್ತಾರೆ. ಯಜಮಾನರ ಗೊಣಗಾಟದಲ್ಲಿ ನ್ಯಾಯವಿದೆ. ಹಿರಿಯರ ಸಮಾಧಾನದಲ್ಲಿ ಸ್ವಲ್ಪ ತಪ್ಪಿದೆ. ಆದರೆ ಈ ವಿಷಯದಲ್ಲಿ ತಪ್ಪುವುದು ಅವರೊಬ್ಬರೇ ಅಲ್ಲ.

ಹಳೆಯ ಪೇಟೆಬೀದಿಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟಗಳ ಪಕ್ಕದಲ್ಲಿ, ಸಣ್ಣದೊಂದು ಫಲಕ ತೂಗುವುದನ್ನು ಓದುಗರು ಕಂಡಿರಬಹುದು: 'ವಾರದ ರಜೆ: ಮಂಗಳವಾರ'. ಒಂದು ಅಂಗಡಿಯಲ್ಲಿ ಮಂಗಳವಾರ, ಇನ್ನೊಂದರಲ್ಲಿ ಭಾನುವಾರ. ಈ ಫಲಕಕ್ಕೂ ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಗೂ ಯಾವ ನಂಟೂ ಇಲ್ಲ. ಒಂದು ಬ್ಯಾಂಕಿನ ರಜೆ, ಇನ್ನೊಂದು ಅಂಗಡಿಯ ರಜೆ. ಅಂಗಡಿಯಲ್ಲಿ ದುಡಿಯುವವನ ರಜೆ ಇವೆರಡಕ್ಕಿಂತಲೂ ಬೇರೆ, ಮೂರನೆಯದು. ಈ ಮೂರನ್ನೂ ಒಂದೇ ಎಂದು ಎಣಿಸುವುದರಿಂದಲೇ ಗೊಂದಲ ಹುಟ್ಟುವುದು.

ಕೆಂಪು ಅಂಕಿಯ ಅರ್ಥ

ಕ್ಯಾಲೆಂಡರಿನ ಕೆಂಪು ಅಂಕಿಗಳ ಹಿಂದೆ ಇರುವುದು ಬಹುಮಟ್ಟಿಗೆ 1881ರ ಒಂದು ಶಾಸನ. ಹುಂಡಿ, ಚೆಕ್ಕು, ಪ್ರಾಮಿಸರಿ ನೋಟುಗಳ ವ್ಯವಹಾರವನ್ನು ಕುರಿತ ಆ ಶಾಸನದ 25ನೆಯ ಕಲಮಿನಲ್ಲಿ 'ಸಾರ್ವಜನಿಕ ರಜೆ' ಎಂಬ ಮಾತು ಬರುತ್ತದೆ. ಹುಂಡಿಯ ಹಣ ಸಂದಾಯವಾಗಬೇಕಾದ ದಿನ ರಜೆಯಾಗಿದ್ದರೆ, ಅದಕ್ಕೆ ಹಿಂದಿನ ಕೆಲಸದ ದಿನವೇ ಅದು ಸಲ್ಲಬೇಕೆಂಬುದು ಆ ಕಲಮಿನ ತಾತ್ಪರ್ಯ. ಇದರ ಆಧಾರದ ಮೇಲೆ ಸರ್ಕಾರ ಗೆಜೆಟ್ಟಿನಲ್ಲಿ ರಜೆಗಳನ್ನು ಸಾರುತ್ತದೆ, ಬ್ಯಾಂಕುಗಳು ಮುಚ್ಚುತ್ತವೆ. ಕಚೇರಿಗಳಿಗೂ ರಜೆಯ ಪಟ್ಟಿ ಹೊರಡುತ್ತದೆ. ದಿನಸಿ ಅಂಗಡಿಯ ಮಾತು ಇಲ್ಲೆಲ್ಲಿಯೂ ಇಲ್ಲ. ಕೆಂಪು ಅಂಕಿಯ ದಿನ ಬಾಗಿಲು ತೆರೆದನೆಂಬ ಒಂದೇ ಕಾರಣಕ್ಕೆ ಯಾವ ವರ್ತಕನೂ ಅಪರಾಧಿಯಾಗುವುದಿಲ್ಲ. ಗಾಂಧಿ ಜಯಂತಿಯಂದು ಮದ್ಯದ ಅಂಗಡಿ ಮುಚ್ಚಿರುವುದು ಅಬಕಾರಿ ನಿಯಮದಿಂದ. ಮತದಾನದ ದಿನ ನೌಕರನಿಗೆ ಸಂಬಳ ಸಹಿತ ರಜೆ ದೊರೆಯುವುದು ಚುನಾವಣಾ ಶಾಸನದಿಂದ. ಅವುಗಳ ದಾರಿ ಬೇರೆ.

ಹಾಗಾದರೆ ಅಂಗಡಿಯ ರಜೆ ಎಲ್ಲಿಂದ ಬಂತು? ಅದರ ಬೇರನ್ನು ಹುಡುಕಲು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿಗೆ ಹೋಗಬೇಕು. ವಿನೋದವೆಂದರೆ, ಬ್ಯಾಂಕಿನ ರಜೆ ಮತ್ತು ಅಂಗಡಿಯ ರಜೆ ಎರಡರ ಹಿಂದೆಯೂ ಅಲ್ಲಿ ಕಾಣುವವನು ಒಬ್ಬನೇ ಮನುಷ್ಯ.

ಇರುವೆಗಳ ಪಂಡಿತ

ಸರ್ ಜಾನ್ ಲಬ್ಬಕ್ ಹುಟ್ಟಿದ್ದು 1834ರಲ್ಲಿ. ವೃತ್ತಿಯಿಂದ ಬ್ಯಾಂಕಿನ ಒಡೆಯ, ಪ್ರವೃತ್ತಿಯಿಂದ ವಿಜ್ಞಾನಿ. ಡಾರ್ವಿನ್ನನ ನೆರೆಮನೆಯವನಾಗಿ ಬೆಳೆದವನು. ಗಾಜಿನ ಗೂಡುಗಳಲ್ಲಿ ಇರುವೆಗಳನ್ನು ಸಾಕಿ ಅವುಗಳ ನಡೆನುಡಿಯನ್ನು ಪರೀಕ್ಷಿಸಿದವನು. ಒಂದು ಕಣಜ ದಿನಕ್ಕೆ ಎಷ್ಟು ಸಲ ಸಿಹಿಯನ್ನು ಹೊತ್ತೊಯ್ಯುವುದೆಂದು ಗಡಿಯಾರ ಹಿಡಿದು ಲೆಕ್ಕವಿಟ್ಟವನು. ಇತಿಹಾಸದ ಪಾಠಗಳಲ್ಲಿ ಮಕ್ಕಳು ಓದುವ ಹಳೆಯ ಶಿಲಾಯುಗ, ಹೊಸ ಶಿಲಾಯುಗ ಎಂಬ ವಿಭಾಗದ ಆಂಗ್ಲ ಹೆಸರುಗಳನ್ನು 1865ರಲ್ಲಿ ರೂಢಿಗೆ ತಂದವನೂ ಇವನೇ. ಇಷ್ಟು ಸಾಲದೆಂಬಂತೆ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ.

1871ರಲ್ಲಿ ಈತ ಒಂದು ಮಸೂದೆಯನ್ನು ತಂದು ಶಾಸನವಾಗಿಸಿದನು. ವರ್ಷಕ್ಕೆ ಕೆಲವು ದಿನ ಬ್ಯಾಂಕುಗಳು ಮುಚ್ಚಬೇಕು, ಆ ದಿನಗಳಲ್ಲಿ ಸಲ್ಲಬೇಕಾದ ಹುಂಡಿಗಳು ಮರುದಿನ ಸಲ್ಲಬೇಕು, ಇಷ್ಟೇ ಅದರ ಒಡಲು. ಇಂಗ್ಲೆಂಡಿಗೆ ಅದು ಕೊಟ್ಟದ್ದು ನಾಲ್ಕು ದಿನ. ಹುಂಡಿಯ ಲೆಕ್ಕಾಚಾರದಂತೆ ಕಾಣುತ್ತಿದ್ದ ಈ ಶಾಸನ ಜನರಿಗೆ ಹಬ್ಬವಾಯಿತು. ಬ್ಯಾಂಕು ಮುಚ್ಚಿದ ಮೇಲೆ ವ್ಯಾಪಾರದ ಕಚೇರಿಗಳು ಮುಚ್ಚಿದವು. ಕಚೇರಿ ಮುಚ್ಚಿದ ಮೇಲೆ ಗುಮಾಸ್ತರು ಹೆಂಡಿರು ಮಕ್ಕಳೊಡನೆ ರೈಲು ಹತ್ತಿ ಸಮುದ್ರತೀರಕ್ಕೆ ಹೊರಟರು. ಆಗಸ್ಟ್ ತಿಂಗಳ ಸೋಮವಾರದ ರಜೆಗೆ ಜನ 'ಸಂತ ಲಬ್ಬಕ್ಕನ ದಿನ' ಎಂದು ಹೆಸರಿಟ್ಟರು. ಬದುಕಿರುವಾಗಲೇ ಸಂತ ಪದವಿ ಪಡೆದ ಬ್ಯಾಂಕಿನ ಒಡೆಯರು ಬಹಳ ಮಂದಿ ಇರಲಾರರು!

ಆದರೆ ಸಮುದ್ರತೀರಕ್ಕೆ ಹೋದ ಗುಮಾಸ್ತನಿಗೆ ತಿಂಡಿ ಬೇಕು, ಮಗುವಿಗೆ ಟೋಪಿ ಬೇಕು. ರಜೆ ಬಂದಷ್ಟೂ ಅಂಗಡಿಯವನಿಗೆ ಗಿರಾಕಿ ಹೆಚ್ಚು. ಆ ಕಾಲದಲ್ಲಿ ಇಂಗ್ಲೆಂಡಿನ ಅಂಗಡಿಯ ಆಳುಗಳು ವಾರಕ್ಕೆ 80 ಗಂಟೆಗೂ ಮೀರಿ ದುಡಿಯುವುದು ವಿರಳವೇನೂ ಆಗಿರಲಿಲ್ಲ. ದೊಡ್ಡ ಜವಳಿ ಅಂಗಡಿಗಳಲ್ಲಿ ಊಟ, ವಸತಿ ಒಡೆಯನದೇ. ಮಹಡಿಯ ಮೇಲೆ ಸಾಲು ಮಂಚಗಳ ಕೋಣೆ, ಸಣ್ಣಪುಟ್ಟ ತಪ್ಪಿಗೆ ಸಂಬಳದಲ್ಲಿ ಮುರಿತ. ಮುಂದೆ ಹೆಸರಾಂತ ಕಾದಂಬರಿಕಾರನಾದ ಎಚ್. ಜಿ. ವೆಲ್ಸ್ ಹುಡುಗನಾಗಿದ್ದಾಗ ಸೌತ್‌ಸೀ ಎಂಬ ಊರಿನ ಜವಳಿ ಅಂಗಡಿಯಲ್ಲಿ ದಿನಕ್ಕೆ ಸುಮಾರು 13 ಗಂಟೆ ದುಡಿದು, ಇಂಥ ಕೋಣೆಯಲ್ಲಿ ಮಲಗಿದವನು. 'ಕಿಪ್ಸ್' ಎಂಬ ಅವನ ಕಾದಂಬರಿಯಲ್ಲಿ ಆ ಬದುಕು ಇಳಿದುಬಂದಿದೆ. ಹದಿನಾಲ್ಕನೆಯ ವಯಸ್ಸಿಗೆ ಅಂಗಡಿ ಸೇರಿದ ಮಾರ್ಗರೆಟ್ ಬಾಂಡ್‌ಫೀಲ್ಡ್ ಎಂಬಾಕೆ ಇದೇ ಕಷ್ಟವನ್ನುಂಡು, ಬಳಿಕ ಗುಪ್ತನಾಮದಲ್ಲಿ ಅದನ್ನು ಕುರಿತು ಬರೆದು, ಕಡೆಗೆ 1929ರಲ್ಲಿ ಬ್ರಿಟನ್ನಿನ ಸಂಪುಟದ ಮೊದಲ ಮಹಿಳಾ ಮಂತ್ರಿಯಾದಳು. ಅವಳಿಗೆ ದೊರೆತ ಖಾತೆ ಕಾರ್ಮಿಕ ಖಾತೆಯೇ.

ಲಬ್ಬಕ್ ಈ ಆಳುಗಳ ಪಕ್ಷ ಹಿಡಿದನು. 1886ರಲ್ಲಿ ಆದ ಶಾಸನ 18 ವರ್ಷದೊಳಗಿನವರು ವಾರಕ್ಕೆ 74 ಗಂಟೆಗಿಂತ ಹೆಚ್ಚು ಅಂಗಡಿಯಲ್ಲಿ ದುಡಿಯಕೂಡದೆಂದು ವಿಧಿಸಿತು. ಊಟದ ಹೊತ್ತೂ ಅದರಲ್ಲೇ ಸೇರಿತ್ತು. ಇಂದು ಓದಿದರೆ 74 ಎಂಬುದು ರಿಯಾಯಿತಿಯೋ ಶಿಕ್ಷೆಯೋ ಎಂಬ ಅನುಮಾನ ಬರುವುದು ಸಹಜ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಶಾಸನ ಜಾರಿಯಾಗುತ್ತಿದೆಯೇ ಎಂದು ನೋಡಲು ಒಬ್ಬ ಇನ್‌ಸ್ಪೆಕ್ಟರನನ್ನೂ ಅದು ನೇಮಿಸಿರಲಿಲ್ಲ. ಊರಿನ ಆಡಳಿತಗಳು ಇನ್‌ಸ್ಪೆಕ್ಟರರನ್ನು ನೇಮಿಸಿಕೊಳ್ಳಬಹುದೆಂಬ ಮಾತು ಬಂದದ್ದು 1892ರಲ್ಲಿ. 1899ರಲ್ಲಿ ಮತ್ತೊಂದು ಪುಟ್ಟ ಶಾಸನವಾಯಿತು: ಅಂಗಡಿಯಲ್ಲಿ ದುಡಿಯುವ ಮೂವರು ಹೆಂಗಸರಿಗೆ ಒಂದರಂತೆ ಕುರ್ಚಿ ಇಡಬೇಕು. ಕುಳಿತುಕೊಳ್ಳುವುದಕ್ಕೂ ಪಾರ್ಲಿಮೆಂಟಿನ ಅಪ್ಪಣೆ ಬೇಕೇ ಎಂದು ನಗುವವರು ಒಂದು ಸಂಗತಿಯನ್ನು ನೆನೆಯಬೇಕು. ಕೇರಳದಲ್ಲಿ ಅಂಗಡಿಯ ಹೆಣ್ಣುಮಕ್ಕಳು ಇದೇ ಕುರ್ಚಿಗಾಗಿ ಹೋರಾಡಿ ಅಲ್ಲಿನ ಕಾನೂನಿಗೆ ತಿದ್ದುಪಡಿ ತರಿಸಿಕೊಂಡದ್ದು 2018ರಲ್ಲಿ. ತಮಿಳುನಾಡು 2021ರಲ್ಲಿ ಅದನ್ನು ಅನುಸರಿಸಿತು.

ಆಳಿಗೆ ರಜೆ ಕೊಡಬೇಕೆಂದರೆ ಅಷ್ಟನ್ನೇ ವಿಧಿಸಬಹುದಲ್ಲ, ಅಂಗಡಿಯ ಬಾಗಿಲನ್ನೇ ಮುಚ್ಚಿಸುವುದೇಕೆ? ಇದಕ್ಕೆ ಉತ್ತರ ಎದುರಂಗಡಿಯ ದೀಪ. ಸಂಜೆ ಬೇಗ ಮುಚ್ಚಲು ಬಹುಪಾಲು ವರ್ತಕರಿಗೆ ಮನಸ್ಸಿತ್ತು. ಆದರೆ ಬೀದಿಯಲ್ಲಿ ಒಬ್ಬ ದೀಪ ಹಚ್ಚಿ ಕುಳಿತರೂ ಉಳಿದವರೆಲ್ಲರೂ ಕುಳಿತುಕೊಳ್ಳಬೇಕು. ಇಲ್ಲವಾದರೆ ಗಿರಾಕಿ ಅತ್ತ ಸರಿಯುತ್ತಾನೆ. 1904ರ ಶಾಸನ ಇದನ್ನರಿತು, ಊರಿನ ವರ್ತಕರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಎಲ್ಲರೂ ಒಟ್ಟಿಗೆ ಮುಚ್ಚುವಂತೆ ಆಜ್ಞೆ ಹೊರಡಿಸಬಹುದೆಂದಿತು. 1911ರಲ್ಲಿ ವಾರಕ್ಕೊಂದು ಅರ್ಧ ದಿನದ ರಜೆ ಕಡ್ಡಾಯವಾಯಿತು. ಲಬ್ಬಕ್ ಅದನ್ನು ಕಂಡು 1913ರಲ್ಲಿ ತೀರಿಕೊಂಡನು.

ಭಾನುವಾರದ ಪ್ರಹಸನ

ಬಾಗಿಲನ್ನು ಕಟ್ಟಿಹಾಕಿದ ಮೇಲೆ, ಯಾವ ಸಾಮಾನಿಗೆ ಆ ಬಾಗಿಲು ತೆರೆಯಬಹುದೆಂಬ ಪಟ್ಟಿ ಮಾಡಲೇಬೇಕಲ್ಲವೆ? ಕ್ರೈಸ್ತ ದೇಶವಾದ್ದರಿಂದ ಅಲ್ಲಿ ಭಾನುವಾರವೇ ಮುಖ್ಯ ರಜೆ. 1950ರಲ್ಲಿ ಹಳೆಯ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಮಾಡಿದ ಶಾಸನದ ಕೊನೆಯಲ್ಲಿ ಇಂಥದೊಂದು ಪಟ್ಟಿಯಿತ್ತು. ಅದು ಮೂವತ್ತು ನಲವತ್ತು ವರ್ಷ ಇಂಗ್ಲೆಂಡನ್ನು ನಗಿಸಿತು. ಭಾನುವಾರ ಪತ್ರಿಕೆ ಮಾರಬಹುದು, ಬೈಬಲ್ ಮಾರುವಂತಿಲ್ಲ. ಹಸಿ ಹಾಲು ಮಾರಬಹುದು, ಹಾಲಿನ ಪುಡಿ ಮಾರುವಂತಿಲ್ಲ. ಕರಿದ ಮೀನು, ಆಲೂಗಡ್ಡೆಗಳನ್ನು ಬೇರೆ ಉಪಾಹಾರದ ಅಂಗಡಿಗಳು ಮಾರಬಹುದು. ಅದಕ್ಕೆಂದೇ ಇರುವ ಕರಿದ ಮೀನಿನ ಅಂಗಡಿ ಮಾತ್ರ ಮಾರಕೂಡದು! ಶನಿವಾರವನ್ನು ಪವಿತ್ರವೆಂದು ಆಚರಿಸುವ ಯೆಹೂದಿ ವರ್ತಕರು ಆ ದಿನ ಮುಚ್ಚಿದರೆ ಭಾನುವಾರ ಮಧ್ಯಾಹ್ನ ಎರಡರ ತನಕ ತೆರೆಯಬಹುದಿತ್ತು. ಪಟ್ಟಿಯಲ್ಲಿ ವಿವೇಕವೇ ಇರಲಿಲ್ಲವೆಂದಲ್ಲ ಎಂಬುದಕ್ಕೆ ಇದನ್ನು ಹೇಳಬೇಕು.

ನಗೆಗೀಡಾದ ಕಾನೂನನ್ನು ಕಿತ್ತೊಗೆಯುವುದು ಸುಲಭವೆಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಭಾವಿಸಿದರು. ಭಾನುವಾರದ ನಿರ್ಬಂಧವನ್ನು ತೆಗೆದುಹಾಕುವ ಮಸೂದೆ 1986ರ ಏಪ್ರಿಲ್ 14ರಂದು ಕಾಮನ್ಸ್ ಸಭೆಯ ಮುಂದೆ ಬಂತು. ಆಕೆಗೆ ಅಲ್ಲಿ ಭಾರೀ ಬಹುಮತವಿತ್ತು. ಆದರೆ ಎಂದೂ ಒಂದಾಗದ ಇಬ್ಬರು ಅಂದು ಒಂದಾದರು. ದಿನದ ಪಾವಿತ್ರ್ಯಕ್ಕಾಗಿ ಪಾದ್ರಿಗಳು, ದುಡಿಯುವವನ ಬಿಡುವಿಗಾಗಿ ಕಾರ್ಮಿಕ ಸಂಘದವರು. ಆಕೆಯ ಪಕ್ಷದವರೇ 72 ಮಂದಿ ಎದುರು ನಿಂತರು. ಮಸೂದೆ 282ಕ್ಕೆ 296 ಮತಗಳಿಂದ ಬಿದ್ದುಹೋಯಿತು. ಗಣಿ ಕಾರ್ಮಿಕರ ಮುಷ್ಕರಕ್ಕೆ ಮಣಿಯದ ಪ್ರಧಾನಿ ಭಾನುವಾರದ ಬಾಗಿಲಿನ ಮುಂದೆ ಸೋತರು.

ರಾಜಿಯಾದದ್ದು 1994ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಣ್ಣ ಅಂಗಡಿಗಳಿಗೆ ಪೂರ್ಣ ಸ್ವಾತಂತ್ರ್ಯ. 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ನಡುವೆ ಆರು ಗಂಟೆ ಮಾತ್ರ. ಈಸ್ಟರ್ ಭಾನುವಾರ ದೊಡ್ಡ ಅಂಗಡಿ ತೆರೆಯಕೂಡದು. ಕ್ರಿಸ್‌ಮಸ್ ಯಾವ ವಾರ ಬಂದರೂ ತೆರೆಯಕೂಡದೆಂದು 2004ರಲ್ಲಿ ಇನ್ನೊಂದು ಶಾಸನವಾಯಿತು. ಭಾನುವಾರ ಬರಲಾರೆನೆಂದು ಮೂರು ತಿಂಗಳ ಮುಂಚೆ ಬರೆದುಕೊಡುವ ಹಕ್ಕು ಅಂಗಡಿಯ ನೌಕರನಿಗೆ ದೊರೆಯಿತು. 2016ರಲ್ಲಿ ಇನ್ನಷ್ಟು ಸಡಿಲಿಸಲು ಸರ್ಕಾರ ಹೊರಟಾಗ ಕಾಮನ್ಸ್ ಸಭೆ 286ಕ್ಕೆ 317 ಮತಗಳಿಂದ ಮತ್ತೆ ತಡೆಯಿತು.

ಜರ್ಮನಿಯದು ಇನ್ನೂ ಬಿಗಿ. ಭಾನುವಾರವೂ ಸರ್ಕಾರ ಸಾರಿದ ರಜೆಗಳೂ ದುಡಿಮೆಯ ವಿಶ್ರಾಂತಿಗೆ, ಮನಸ್ಸಿನ ಉನ್ನತಿಗೆ ಮೀಸಲೆಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. ಬೆಂಗಳೂರಿನಿಂದ ಮ್ಯೂನಿಕ್ಕಿಗೆ ಕೆಲಸಕ್ಕೆ ಹೋದ ಕನ್ನಡಿಗರು ಮೊದಲ ಭಾನುವಾರ ಅಕ್ಕಿಬೇಳೆಗೆ ಚೀಲ ಹಿಡಿದು ಹೊರಟರೆ ಬೀದಿಯೆಲ್ಲ ಬಿಕೋ ಎನ್ನುತ್ತಿರುತ್ತದೆ. 2023ರಲ್ಲಿ ಹೆಸ್ಸೆ ಪ್ರಾಂತದ ಉನ್ನತ ಆಡಳಿತ ನ್ಯಾಯಾಲಯದ ಮುಂದೆ ಸೊಗಸಾದ ಪ್ರಶ್ನೆಯೊಂದು ಬಂತು. ಆಳುಗಳೇ ಇಲ್ಲದ, ಯಂತ್ರವೇ ನಡೆಸುವ ಅಂಗಡಿಗೆ ಭಾನುವಾರದ ರಜೆಯೇಕೆ? ನ್ಯಾಯಾಲಯ ಒಪ್ಪಲಿಲ್ಲ, ಅದೂ ಅಂಗಡಿಯೇ, ಮುಚ್ಚಲೇಬೇಕೆಂದಿತು. ಮರುವರ್ಷ ಪ್ರಾಂತದ ಶಾಸನಸಭೆ ಕಾನೂನನ್ನೇ ತಿದ್ದಿ ಯಂತ್ರದಂಗಡಿಗೆ ಬಾಗಿಲು ತೆರೆದುಕೊಟ್ಟಿತು. ರಜೆ ದಿನದ್ದೆಂದರೆ ಯಂತ್ರವೂ ನಿಲ್ಲಬೇಕು. ಮನುಷ್ಯನದೆಂದರೆ ಯಂತ್ರ ನಡೆಯಬಹುದು.

ಫಿರೋಜ್‌ಪುರದ ಪುಸ್ತಕದಂಗಡಿ

ಬಿಡುವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಸೋಮವಾರ ಬಸವನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ರೈತರು ಕನ್ನಡ ನಾಡಿನಲ್ಲಿ ತಲೆತಲಾಂತರದಿಂದ ಇದ್ದಾರೆ. ಅಮಾವಾಸ್ಯೆಯಂದು ಉಳಿ, ಕರಣೆ ಮುಟ್ಟದ ಕಸಬುದಾರರಿದ್ದಾರೆ. ಎತ್ತಿಗೆ ದೊರೆತಿದ್ದ ವಾರದ ಬಿಡುವು ಅಂಗಡಿಯ ಹುಡುಗನಿಗೆ ದೊರೆಯಲು ಮಾತ್ರ ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ಮಾದರಿ ಭಾರತಕ್ಕೆ ಬಂದದ್ದು 1939ರಲ್ಲಿ, ಮುಂಬಯಿ ಪ್ರಾಂತದ ಅಂಗಡಿ ಕಾಯಿದೆಯ ರೂಪದಲ್ಲಿ. 1942ರ ವಾರದ ರಜೆಗಳ ಕಾಯಿದೆ, ಅಂಗಡಿ ವಾರಕ್ಕೊಂದು ದಿನ ಪೂರ್ತಿ ಮುಚ್ಚಬೇಕು, ಆ ದಿನ ಯಾವುದೆಂದು ಎಲ್ಲರಿಗೂ ಕಾಣುವಂತೆ ಫಲಕ ಹಾಕಬೇಕು, ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚಾಗಿ ಅದನ್ನು ಬದಲಿಸಕೂಡದು ಎಂದಿತು. ದೇವರ ಪಟದ ಪಕ್ಕದ ಆ ಸಣ್ಣ ಫಲಕದ ವಂಶಾವಳಿ ಇದು.

ಮೂರು ತಿಂಗಳ ನಿಬಂಧನೆಯ ಹಿಂದೆ ವರ್ತಕರ ಸ್ವಭಾವದ ಅರಿವಿದೆ. ಅದಿಲ್ಲದಿದ್ದರೆ ವ್ಯಾಪಾರ ಚೆನ್ನಾಗಿರುವ ವಾರ ರಜೆ ಮುಂದಕ್ಕೆ ಹೋಗುತ್ತಿತ್ತು. ಮುಂದಿನ ವಾರ ಇನ್ನೂ ಮುಂದಕ್ಕೆ.

1954ರ ಜನವರಿ 29, ಶುಕ್ರವಾರ. ಪಂಜಾಬಿನ ಫಿರೋಜ್‌ಪುರದಲ್ಲಿ ಅಂಗಡಿಗಳ ಇನ್‌ಸ್ಪೆಕ್ಟರನೊಬ್ಬ ಒಂದು ಪುಸ್ತಕದಂಗಡಿಯ ಮುಂದೆ ನಿಂತನು. ಶುಕ್ರವಾರವೇ ರಜೆಯೆಂದು ಆ ವರ್ತಕ ತಾನೇ ಆರಿಸಿ ತಿಳಿಸಿದ್ದನು. ಆದರೂ ಬಾಗಿಲು ತೆರೆದಿತ್ತು. ವರ್ತಕನ ಮಗ ಸಾಮಾನು ಮಾರುತ್ತಿದ್ದನು. ಮೊಕದ್ದಮೆ ನಡೆಯಿತು, ಹಿಂದೊಮ್ಮೆಯೂ ಶಿಕ್ಷೆಯಾಗಿದ್ದವನಾದ್ದರಿಂದ 100 ರೂಪಾಯಿ ದಂಡ ಬಿತ್ತು. ವರ್ತಕ ಸುಮ್ಮನಾಗಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋದನು. ಅವನ ವಾದ ಕೇಳಿದವರ ಮನಸ್ಸಿಗೆ ತಟ್ಟುವಂತಿತ್ತು. "ನನ್ನ ಅಂಗಡಿಯಲ್ಲಿ ಆಳುಗಳೇ ಇಲ್ಲ. ದುಡಿಯುವವರು ನಾನು, ನನ್ನ ಮನೆಯವರು. ಆಳುಗಳ ಹಿತಕ್ಕಾಗಿ ಮಾಡಿದ ಕಾನೂನು ನನ್ನ ಬಾಗಿಲನ್ನು ಮುಚ್ಚಿಸುವುದೆಂತು? ವ್ಯಾಪಾರ ಮಾಡುವುದು ಸಂವಿಧಾನ ನನಗೆ ಕೊಟ್ಟ ಹಕ್ಕಲ್ಲವೆ?" ಎಂಬುದು ಅದರ ಸಾರ.

1960ರ ನವೆಂಬರಿನಲ್ಲಿ ತೀರ್ಪು ಬಂತು. ವರ್ತಕ ಸೋತನು. ಕಾನೂನು ಕಾಪಾಡಲು ಹೊರಟಿರುವುದು ಪರರ ಕೈಯಲ್ಲಿ ದುಡಿಯುವವರನ್ನು ಮಾತ್ರವಲ್ಲ, ಅಂಗಡಿಯವನನ್ನೂ ಅವನ ಮನೆಯವರನ್ನೂ ಸಹ. ಬಿಡುವಿಲ್ಲದ ದುಡಿಮೆ ಅವರ ಆರೋಗ್ಯಕ್ಕೂ ಕೇಡು. ಇಂಥ ನಿರ್ಬಂಧ ಸಾರ್ವಜನಿಕ ಹಿತಕ್ಕೆ ಅನುಗುಣವಾದದ್ದು ಎಂದು ನ್ಯಾಯಾಲಯ ಹೇಳಿತು. ತನ್ನ ಇಚ್ಛೆಯಿಂದಲೇ ದುಡಿಯುವವನಿಗೂ ರಜೆಯನ್ನು ಹೇರಬಹುದೇ ಎಂಬುದು ಚರ್ಚೆಯ ಮಾತೇ ಸರಿ. ಆದರೆ ತಂದೆಯ ಅಂಗಡಿಯಲ್ಲಿ ಶುಕ್ರವಾರವೂ ನಿಂತಿದ್ದ ಆ ಮಗನ ಇಚ್ಛೆಯನ್ನು ಯಾರು ಕೇಳಿದ್ದರು? ಎದುರಂಗಡಿಯ ದೀಪದ ಮಾತಂತೂ ಇದ್ದೇ ಇದೆ.

ಎರಡು ಫಲಕಗಳು

ಕರ್ನಾಟಕ ಏಕೀಕರಣವಾದಾಗ ಇಲ್ಲಿನ ವರ್ತಕರ ಪಾಡು ವಿಚಿತ್ರವಾಗಿತ್ತು. ಹುಬ್ಬಳ್ಳಿಯವನಿಗೆ ಮುಂಬಯಿಯ ಕಾಯಿದೆ, ಮಂಗಳೂರಿನವನಿಗೆ ಮದರಾಸಿನದು, ಕಲಬುರ್ಗಿಯವನಿಗೆ ಹೈದರಾಬಾದಿನದು, ಮೈಸೂರಿನವನಿಗೆ ಮೈಸೂರಿನದು. ಇವನ್ನೆಲ್ಲ ಬದಿಗೊತ್ತಿ ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದದ್ದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ; ಐದು ಗಂಟೆಗಿಂತ ಹೆಚ್ಚು ಎಡೆಬಿಡದೆ ದುಡಿಸದೆ ನಡುವೆ ಒಂದು ಗಂಟೆ ವಿರಾಮ; ಮಿತಿ ಮೀರಿ ದುಡಿದರೆ ಇಮ್ಮಡಿ ಕೂಲಿ; ವಾರಕ್ಕೊಂದು ದಿನ ಅಂಗಡಿ ಬಂದ್, ಕಾಣುವ ಜಾಗದಲ್ಲಿ ಫಲಕ. ಇವು ಅದರ ಮುಖ್ಯ ವಿಧಿಗಳು.

ಹಬ್ಬ ಹರಿದಿನಗಳ ಮಾತು ಬೇರೊಂದು ಶಾಸನದಲ್ಲಿದೆ. ಅದು 1963ರದು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಗಳಿಗೆ ಮುಂದೆ ಮೇ 1 ಮತ್ತು ರಾಜ್ಯೋತ್ಸವದ ನವೆಂಬರ್ 1 ಸೇರಿ, ಜೊತೆಗೆ ಐದು ಹಬ್ಬದ ರಜೆಗಳು ನೌಕರನಿಗೆ ಸಂಬಳ ಸಹಿತ ಸಲ್ಲತಕ್ಕವು. ಮನೆಯ ಹಿರಿಯರು ತಪ್ಪಿದ್ದು ಇಲ್ಲಿಯೇ. ಈ ಶಾಸನ ಬಾಗಿಲು ಮುಚ್ಚೆಂದು ಹೇಳುವುದಿಲ್ಲ. ನೌಕರನನ್ನು ಆ ದಿನ ಕೆಲಸಕ್ಕೆ ಕರೆದರೆ ಇಮ್ಮಡಿ ಕೂಲಿ ಕೊಡು, ಅಥವಾ ಆ ದಿನದ ಕೂಲಿಯ ಜೊತೆಗೆ ಬದಲಿಗೆ ಇನ್ನೊಂದು ದಿನ ರಜೆ ಕೊಡು ಎನ್ನುತ್ತದೆ. ಯುಗಾದಿಯ ದಿನ ಏಲಕ್ಕಿ ಕಟ್ಟಿಕೊಟ್ಟ ಹುಡುಗನಿಗೆ, ಯುಗಾದಿ ಆ ಅಂಗಡಿಯ ಐದು ಹಬ್ಬಗಳಲ್ಲಿ ಒಂದಾಗಿದ್ದರೆ, ಸಲ್ಲಬೇಕಾದ ಲೆಕ್ಕ ಅದು. ಸಂದಿತೇ ಎಂಬುದು ಬೇರೆ ಪ್ರಶ್ನೆ.

ಹೀಗೆ ಅರ್ಧ ಶತಮಾನಕ್ಕೂ ಮೀರಿ ವಾರದ ರಜೆ ಬಾಗಿಲಿನ ಮೇಲೆಯೂ ಹಬ್ಬದ ರಜೆ ಮನುಷ್ಯನ ಮೇಲೆಯೂ ನಿಂತಿದ್ದವು. 2016ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆಂದು ಒಂದು ಮಾದರಿ ಕಾನೂನನ್ನು ಸಿದ್ಧಪಡಿಸಿತು. ಅದರಲ್ಲಿ ಅಂಗಡಿ ವರ್ಷದ ಎಲ್ಲ ದಿನವೂ ತೆರೆದಿರಬಹುದು. ರಜೆ ದುಡಿಯುವವನಿಗೆ ಮಾತ್ರ. ಮಹಾರಾಷ್ಟ್ರ 2017ರಲ್ಲಿ ಆ ದಾರಿ ಹಿಡಿಯಿತು. ಕರ್ನಾಟಕ ಸರ್ಕಾರ 2021ರ ಜನವರಿಯಲ್ಲಿ ಆಜ್ಞೆ ಹೊರಡಿಸಿ, ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ವರ್ಷದ ಎಲ್ಲ ದಿನವೂ ತೆರೆದಿರಬಹುದೆಂದು ಮೂರು ವರ್ಷಗಳಿಗೆ ಅನುಮತಿ ಕೊಟ್ಟಿತು. ಅವಧಿ ಮುಗಿದ ಬಳಿಕ ಅದು ಮುಂದುವರಿಯಿತು.

ಇದರಲ್ಲಿ ಅನ್ಯಾಯವೇನೂ ಇಲ್ಲವೆಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಕೊಳ್ಳಲು ದೊರೆಯುವುದು ರಜೆಯ ದಿನವೇ. ಅಂಗಡಿ ಏಳು ದಿನ ತೆರೆದರೆ ಇನ್ನಷ್ಟು ಮಂದಿಗೆ ಕೆಲಸವೂ ಸಿಕ್ಕೀತು. ಬಾಗಿಲು ಮುಚ್ಚಿದರೂ ಕೈಯಲ್ಲಿರುವ ಫೋನಿನಲ್ಲಿ ಅಂಗಡಿ ತೆರೆದೇ ಇರುತ್ತದೆ. ಹಬ್ಬದ ಮಧ್ಯಾಹ್ನ ದ್ವಿಚಕ್ರದ ಮೇಲೆ ಸಾಮಾನು ತರುವ ಯುವಕ ನೌಕರನೇ ಅಲ್ಲ, ಪಾಲುದಾರನೆಂದು ಕಂಪನಿಗಳು ಹೇಳುವುದರಿಂದ ವಾರದ ರಜೆಯ ಕಲಮು ಅವನ ಬಳಿ ಸುಲಭವಾಗಿ ಸುಳಿಯುವುದಿಲ್ಲ. ಅವನೊಡನೆ ಸ್ಪರ್ಧಿಸಬೇಕಾದ ವರ್ತಕನ ಬಾಗಿಲೊಂದನ್ನೇ ಮುಚ್ಚಿಸುವುದು ಯಾವ ನ್ಯಾಯ? ಎದುರಂಗಡಿಯ ದೀಪ ಈಗ ಬೀದಿಯಲ್ಲಿಲ್ಲ.

ಆದರೆ ಬಾಗಿಲು ಮುಚ್ಚಿದ ರಜೆಗೆ ಒಂದು ಗುಣವಿತ್ತು: ಅದನ್ನು ಪರೀಕ್ಷಿಸಲು ಕಣ್ಣಿದ್ದರೆ ಸಾಕಾಗಿತ್ತು. ಫಿರೋಜ್‌ಪುರದ ಇನ್‌ಸ್ಪೆಕ್ಟರ್ ಯಾವ ಲೆಕ್ಕದ ಪುಸ್ತಕವನ್ನೂ ತಿರುವಬೇಕಿರಲಿಲ್ಲ. ಶುಕ್ರವಾರ, ಬಾಗಿಲು ತೆರೆದಿದೆ, ಮುಗಿಯಿತು. ದಾರಿಹೋಕನೂ ಅದನ್ನು ಕಾಣಬಲ್ಲ. ಬಾಗಿಲು ಸದಾ ತೆರೆದಿರುವ ಅಂಗಡಿಯಲ್ಲಿ, ಇಂದು ನಿಂತಿರುವ ಹುಡುಗಿ ನಿನ್ನೆ, ಮೊನ್ನೆ, ಕಳೆದ ಭಾನುವಾರವೂ ನಿಂತಿದ್ದಳೇ ಎಂದು ತಿಳಿಯಬೇಕಾದರೆ ಹಾಜರಿ ಪುಸ್ತಕವನ್ನು ನೋಡಬೇಕು. ಆ ಪುಸ್ತಕ ಬರೆಯುವವನು ಒಡೆಯ. 1886ರಲ್ಲಿ ಇನ್‌ಸ್ಪೆಕ್ಟರರಿಲ್ಲದ ಶಾಸನ ಏನಾಯಿತೆಂಬುದನ್ನು ಲಬ್ಬಕ್ ಕಂಡಿದ್ದನು.

2021ರ ಆಜ್ಞೆಯನ್ನು ಬರೆದವರಿಗೂ ಈ ಅಂಜಿಕೆ ಇದ್ದಂತಿದೆ. ಅನುಮತಿಯ ಜೊತೆಗೆ ಷರತ್ತುಗಳ ಸಾಲೇ ಇದೆ. ಸರದಿಯ ಮೇಲೆ ವಾರದ ರಜೆ ಕೊಡಲು ಹೆಚ್ಚುವರಿ ನೌಕರರನ್ನು ನೇಮಿಸಬೇಕು. ದಿನಕ್ಕೆ 8 ಗಂಟೆ, ವಾರಕ್ಕೆ 48. ಹೆಚ್ಚುವರಿ ದುಡಿಮೆ ಸೇರಿದರೂ ದಿನಕ್ಕೆ 10 ಗಂಟೆ ಮೀರಕೂಡದು. ಸಂಬಳ ಬ್ಯಾಂಕಿನ ಖಾತೆಗೇ ಹೋಗಬೇಕು. ರಾತ್ರಿ ಎಂಟರ ಮೇಲೆ ಹೆಣ್ಣುಮಕ್ಕಳನ್ನು ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ರಜೆಯ ದಿನ ನೌಕರ ಕೆಲಸದಲ್ಲಿ ಕಂಡುಬಂದು, ಅದಕ್ಕೆ ಸರಿಯಾದ ಹೆಚ್ಚುವರಿ ದುಡಿಮೆಯ ದಾಖಲೆಯಿಲ್ಲದಿದ್ದರೆ ಒಡೆಯನ ಮೇಲೆ ಕ್ರಮ.

ಆ ಸಾಲಿನಲ್ಲಿ ಇನ್ನೂ ಒಂದಿದೆ. ಈ ದಿನ ರಜೆಯಲ್ಲಿರುವ ನೌಕರರು ಯಾರು ಯಾರೆಂಬ ವಿವರವನ್ನು ಪ್ರತಿದಿನವೂ ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಜಾಗದಲ್ಲಿ ಪ್ರಕಟಿಸಬೇಕು. ಹಳೆಯ ಫಲಕದಲ್ಲಿದ್ದದ್ದು ವಾರದ ಹೆಸರು. ಹೊಸ ಫಲಕದಲ್ಲಿ ಇರಬೇಕಾದದ್ದು ಮನುಷ್ಯರ ಹೆಸರು. ಮುಂದಿನ ಹಬ್ಬಕ್ಕೆ ದೊಡ್ಡ ಮಳಿಗೆಗೆ ಹೋಗುವ ಸಂಸಾರಗಳು ಬಿಲ್ಲು ಬರುವ ತನಕ ಸಾಲಿನಲ್ಲಿ ಹೇಗೂ ನಿಂತಿರಬೇಕು. ಆ ಹೊತ್ತಿನಲ್ಲಿ ಗೋಡೆಯತ್ತ ಕಣ್ಣು ಹಾಯಿಸಿ, ಅಂಥ ಫಲಕವೊಂದು ಅಲ್ಲಿದೆಯೇ ಎಂದು ನೋಡಬಹುದು.